ಕಳಲೆಗೆ ಮೂರು ನೀರು

ಮಳೆ ಹಿಡಿದು ನಾಲ್ಕು ದಿನವಾದರೆ ಬಿದಿರುಮೆಳೆಯ ಬುಡದಲ್ಲಿ ಕಳಲೆ ಏಳುತ್ತದೆ. ಮಲೆನಾಡಿನ ಅಡುಗೆಮನೆಯಲ್ಲಿ ಅದಕ್ಕೊಂದು ಕ್ರಮವಿದೆ. ಹೊರಗಿನ ಸಿಪ್ಪೆ ಸುಲಿದು, ಎಳೆಯ ಭಾಗವನ್ನು ಸಣ್ಣಗೆ ಹೆಚ್ಚಿ, ನೀರಲ್ಲಿ ಮುಳುಗಿಸಿಡಬೇಕು. ದಿನಕ್ಕೊಮ್ಮೆ ಆ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಹೀಗೆ ಮೂರು ನೀರು ಕಂಡ ಮೇಲೇ ಬೇಯಿಸಿ ಪಲ್ಯಕ್ಕೋ ಹುಳಿಗೋ ಹಾಕುವುದು. ಮನುಷ್ಯನ ಬುದ್ಧಿ ಉಳಿದ ಪ್ರಾಣಿಗಳ ಬುದ್ಧಿಗಿಂತ ಹೇಗೆ ಬೇರೆಯಾಯಿತು ಎಂದು ಕೇಳಿದವರಿಗೆ ತಲೆಬುರುಡೆಗಿಂತ ಮೊದಲು ಈ ಪಾತ್ರೆಯನ್ನೇ ತೋರಿಸಬೇಕು.

ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದೆ. ಹೆಚ್ಚುವಾಗ ಜೀವಕೋಶ ಒಡೆದು, ಗಿಡದಲ್ಲೇ ಇರುವ ಕಿಣ್ವ ಅದಕ್ಕೆ ತಾಗುತ್ತದೆ. ಆಗ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಹೋಳು ಸಣ್ಣದಾದಷ್ಟೂ ಹೆಚ್ಚು ಕೋಶ ಒಡೆದು ವಿಷ ಬೇಗ ಬಿಡುತ್ತದೆ. ಅದು ನೀರಲ್ಲಿ ಕರಗುತ್ತದೆ. ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ವಸ್ತುವಾದ್ದರಿಂದ ಗಾಳಿಗೂ ಹೋಗುತ್ತದೆ. ಉಳಿದ ಟ್ಯಾಕ್ಸಿಫಿಲಿನ್ ಕುದಿನೀರಲ್ಲಿ ಒಡೆಯುತ್ತದೆ. ಆದ್ದರಿಂದ ದಪ್ಪ ಹೋಳು, ಬದಲಿಸದ ನೀರು, ಮುಚ್ಚಳ ಹಾಕಿ ಅರೆಬೇಯಿಸುವುದು ಮೂರೂ ತಪ್ಪು. ನೆನೆಸಿದ ನೀರನ್ನು ದನದ ಕಲಗಚ್ಚಿಗೆ ಸುರಿಯುವುದಂತೂ ಕೂಡದು.

ಈ ರಸಾಯನಶಾಸ್ತ್ರ ಗೊತ್ತಿಲ್ಲದೆಯೂ ಕಳಲೆ ಸುರಕ್ಷಿತವಾಗಿ ಬೆಂದಿದೆ ಎನ್ನುವುದೇ ಇಲ್ಲಿ ಗಮನಿಸಬೇಕಾದ ಮಾತು. ಎಷ್ಟೇ ಚುರುಕಾದ ಒಬ್ಬ ವ್ಯಕ್ತಿ ಇದನ್ನು ತಾನೇ ಕಂಡುಹಿಡಿಯುವುದು ಕಷ್ಟ. ಎರಡನೆಯ ನೀರಿನ ಹೊತ್ತಿಗೆ ಕಹಿ ಇಳಿದಿರುತ್ತದೆ, ಮೂರನೆಯದು ಯಾಕೆ ಎಂದು ನಾಲಿಗೆ ಹೇಳುವುದಿಲ್ಲ.

ಮಡಗಾಸ್ಕರದ ಚಿನ್ನದ ಬಣ್ಣದ ಬಿದಿರು ಲೀಮರ್ (ಮಂಗಗಳ ದೂರದ ನೆಂಟ) ಇದೇ ಬಗೆಯ ವಿಷವನ್ನು ಬೇರೆ ದಾರಿಯಲ್ಲಿ ಗೆದ್ದಿದೆ. ಅದು ದಿನವೂ ತಿನ್ನುವ ಬಿದಿರಿನಲ್ಲಿ ಆ ಗಾತ್ರದ ಪ್ರಾಣಿಯನ್ನು ಕೊಲ್ಲುವ ಪ್ರಮಾಣದ ಸುಮಾರು 12 ಪಟ್ಟು ಸಯನೈಡ್ ಇರುತ್ತದೆ, ಆದರೂ ಬದುಕುತ್ತದೆ. ಅದರ ಉತ್ತರ ದೇಹದಲ್ಲಿದೆ, ನಮ್ಮದು ಪಾತ್ರೆಯಲ್ಲಿದೆ.

ಹಾಗೆಂದು ಪ್ರಾಣಿಗಳಿಗೆ ಉಪಾಯವಿಲ್ಲ ಎಂದುಕೊಳ್ಳಬಾರದು. ಪಶ್ಚಿಮಘಟ್ಟದ ಸಿಂಗಳೀಕ ಕಂಬಳಿಹುಳ ಹಿಡಿದಾಗ ಎಲೆಯಲ್ಲಿ ಸುತ್ತಿ ಉಜ್ಜಿ ರೋಮ ತೆಗೆದು ತಿನ್ನುವುದು ದಾಖಲಾಗಿದೆ. ಆಫ್ರಿಕದ ಚಿಂಪಾಂಜಿ ಕಲ್ಲಿನಿಂದ ಗಟ್ಟಿಕಾಯಿ ಒಡೆಯಲು 3ರಿಂದ 5 ವರ್ಷ ತಾಯಿಯ ಪಕ್ಕ ಕೂತು ಕಲಿಯುತ್ತದೆ. ಇವು ಸಣ್ಣ ಸಾಧನೆಗಳಲ್ಲ. ಆದರೆ ಅವು ಒಂದು ಮೆಟ್ಟಿಲಿನ ಮೇಲೆ ಇನ್ನೊಂದನ್ನು ಕಟ್ಟುತ್ತಾ ಹೋಗುವುದು ತೀರ ಅಪರೂಪ.

ಹಾಗಾದರೆ ಮಿದುಳಿನ ಗಾತ್ರ? ಇಲ್ಲಿ ಜನ ಹೆಚ್ಚು ಎಡವುತ್ತಾರೆ. ಸಕ್ರೆಬೈಲಿನ ಬಿಡಾರದಲ್ಲಿ ತುಂಗೆಗಿಳಿದು ಮೀಯುವ ಆನೆಯ ಮಿದುಳು ನಮ್ಮದರ ಮೂರು ಪಟ್ಟಿಗೂ ಹೆಚ್ಚು ತೂಗುತ್ತದೆ. ಅದರ ನೆಂಟ ಆಫ್ರಿಕದ ಆನೆಯಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 25,700 ಕೋಟಿ ನರಕೋಶ. ನಮ್ಮಲ್ಲಿರುವುದು 8,600 ಕೋಟಿ. ಆದರೆ ಆನೆಯ ನರಕೋಶಗಳಲ್ಲಿ ಶೇ. 98ರಷ್ಟು ತಲೆಯ ಹಿಂಬದಿಯ ಕಿರುಮಿದುಳಿನಲ್ಲಿವೆ. ಅಷ್ಟು ಸೂಕ್ಷ್ಮವಾದ ಸೊಂಡಿಲನ್ನು ಆಡಿಸುವುದಕ್ಕೆ ಅವು ಬೇಕಾಗಿರಬಹುದು. ಯೋಚನೆ, ಯೋಜನೆಗೆ ಮುಖ್ಯವಾದ ಹೊರಪದರದಲ್ಲಿ ಆನೆಗಿರುವುದು 560 ಕೋಟಿ, ನಮಗೆ ಸುಮಾರು 1,600 ಕೋಟಿ. ಮಿದುಳನ್ನು ತಕ್ಕಡಿಗೆ ಹಾಕಿದರೆ ಸಾಲದು. ಎಷ್ಟು ಕೋಶ, ಎಲ್ಲಿ ಎಂದು ನೋಡಬೇಕು.

ಅದೂ ಪೂರ್ತಿ ಉತ್ತರವಲ್ಲ. ಸುಮಾರು 32 ಲಕ್ಷ ವರ್ಷ ಹಿಂದಿನ, ಎರಡು ಕಾಲಲ್ಲಿ ನಡೆಯುತ್ತಿದ್ದ ನಮ್ಮ ಪೂರ್ವಿಕರ ಬುರುಡೆ ಸುಮಾರು 450 ಘನ ಸೆಂಟಿಮೀಟರ್, ಹೆಚ್ಚುಕಡಿಮೆ ಚಿಂಪಾಂಜಿಯಷ್ಟೇ. ಈಗ ನಮ್ಮದು ಸುಮಾರು 1,350. ನಡುವಿನ ಕಾಲದ ಕಲ್ಲಿನ ಕೈಗೊಡಲಿಗಳು ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸಿಕ್ಕಿವೆ. ಮಿದುಳು ಹಿಗ್ಗುತ್ತಿದ್ದರೂ ಆ ಕೈಗೊಡಲಿಯ ರೂಪ ಹತ್ತು ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಹೆಚ್ಚೇನೂ ಬದಲಾಗಲಿಲ್ಲ. ಮಿದುಳು ಬೆಳೆದ ಮಾತ್ರಕ್ಕೆ ಹೊಸತು ಹುಟ್ಟುವುದಿಲ್ಲ.

ಮಿದುಳು ದುಬಾರಿ ಅಂಗ ಬೇರೆ. ದೇಹದ ತೂಕದಲ್ಲಿ ಶೇ. 2ರಷ್ಟಿದ್ದು, ಸುಮ್ಮನೆ ಕೂತಾಗಲೂ ಶೇ. 20ರಷ್ಟು ಶಕ್ತಿ ತಿನ್ನುತ್ತದೆ. ಐದು ವರ್ಷದ ಆಸುಪಾಸಿನ ಮಗುವಿನಲ್ಲಂತೂ ದಿನದ ಖರ್ಚಿನ ಶೇ. 40ಕ್ಕೂ ಹೆಚ್ಚು ಅಲ್ಲಿಗೇ ಹೋಗುತ್ತದೆ; ಆ ವಯಸ್ಸಲ್ಲಿ ಮೈ ನಿಧಾನವಾಗಿ ಬೆಳೆಯುವುದು ಅದಕ್ಕೇ ಎಂಬ ವಾದವಿದೆ. ಈ ಖರ್ಚನ್ನು ತೂಗಿಸಿದ್ದು ಬೆಂಕಿ ಎನ್ನುವವರಿದ್ದಾರೆ. ಬೆಂದದ್ದನ್ನು ಅಗಿಯುವುದು, ಅರಗಿಸುವುದು ಸುಲಭ; ಚಿಂಪಾಂಜಿ ದಿನಕ್ಕೆ ಸುಮಾರು 6 ಗಂಟೆ ಅಗಿಯುತ್ತದೆ. ಕರುಳು ಕಿರಿದಾಗಿ ಮಿದುಳು ಹಿರಿದಾಯಿತು ಎಂದು 1995ರಲ್ಲಿ ಸಂಶೋಧಕರಾದ ಐಯೆಲ್ಲೊ ಮತ್ತು ವೀಲರ್ ಮಂಡಿಸಿದ ವಾದವನ್ನು ನಂತರದ ಅಳತೆಗಳು ಪ್ರಶ್ನಿಸಿವೆ. ಬೇಯಿಸುವುದರ ಲಾಭ ಮಾತ್ರ ನಿಜ.

ಇನ್ನು ಮಕ್ಕಳ ವಿಷಯ. 2005ರಲ್ಲಿ ಸಂಶೋಧಕರಾದ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಒಂದು ಪೆಟ್ಟಿಗೆಯಿಂದ ತಿಂಡಿ ತೆಗೆಯುವ ವಿಧಾನವನ್ನು ಚಿಂಪಾಂಜಿಗಳಿಗೂ 3-4 ವರ್ಷದ ಮಕ್ಕಳಿಗೂ ತೋರಿಸಿದರು. ಅದರಲ್ಲಿ ಕಡ್ಡಿಯಿಂದ ಮೇಲಿನ ತೂತಿಗೆ ಚುಚ್ಚುವಂಥ ಕೆಲವು ಹೆಜ್ಜೆ ಬರೀ ದಂಡ. ಪೆಟ್ಟಿಗೆಯ ಒಳಗು ಕಾಣದಿದ್ದಾಗ ಚಿಂಪಾಂಜಿಗಳೂ ಎಲ್ಲವನ್ನೂ ಅನುಕರಿಸಿದವು. ಒಳಗು ಕಾಣುವ ಪೆಟ್ಟಿಗೆ ಕೊಟ್ಟಾಗ ದಂಡದ ಹೆಜ್ಜೆಗಳನ್ನು ಬಿಟ್ಟು ನೇರ ತಿಂಡಿಗೆ ಕೈಹಾಕಿದವು. ಮಕ್ಕಳು ಮಾತ್ರ ಆಗಲೂ ದಂಡದ ಹೆಜ್ಜೆಗಳನ್ನು ಹಾಗೇ ಮಾಡಿದರು.

ಮೇಲ್ನೋಟಕ್ಕೆ ಚಿಂಪಾಂಜಿಯೇ ಜಾಣ. ಆದರೆ ಅದೇ ಜಾಣತನವನ್ನು ಕಳಲೆಗೆ ಹಚ್ಚಿ ನೋಡಿ: ಕಾರಣ ಕಾಣದ ಮೂರನೆಯ ನೀರು ಮೊದಲು ಬಿದ್ದುಹೋಗುತ್ತದೆ. ಕಾರಣ ಕೇಳದೆ ಅಜ್ಜಿ ಮಾಡಿದಂತೆ ಮಾಡುವ ಮಗು ಅದನ್ನು ಉಳಿಸಿಕೊಳ್ಳುತ್ತದೆ. ನನ್ನ ಮಟ್ಟಿಗೆ ಮನುಷ್ಯನ ಬುದ್ಧಿಯ ಅತಿ ದೊಡ್ಡ ತಿರುವು ಈ ನಂಬಿಕೆಯ ಅನುಕರಣೆ. ಉದ್ದನೆಯ ಬಾಲ್ಯ ಅದಕ್ಕೆ ಸಮಯ ಕೊಟ್ಟಿತು, ಮಾತು ಅದನ್ನು ಪಾತ್ರೆಯ ಎದುರಿಗಿಲ್ಲದವರಿಗೂ ದಾಟಿಸಿತು.

ಅನುಕರಣೆಗೆ ಒಂದು ದೌರ್ಬಲ್ಯವೂ ಇದೆ: ಸರಪಳಿಯ ಒಂದು ಕೊಂಡಿ ಕಳಚಿದರೆ ಮುಂದಿನವರಿಗೆ ಅದು ಇತ್ತೆಂದೇ ತಿಳಿಯದು. ಈ ಮಳೆಗಾಲ ಸಂತೆಯಲ್ಲಿ ಹೆಚ್ಚಿ ನೀರಲ್ಲಿಟ್ಟ ಕಳಲೆ ಕೊಳ್ಳುವುದಾದರೆ ಎಷ್ಟು ನೀರು ಬದಲಿಸಿದ್ದೀರಿ ಎಂದು ಕೇಳಿ. ಉತ್ತರ ಖಚಿತವಿಲ್ಲದಿದ್ದರೆ ಮನೆಯಲ್ಲಿ ಒಂದರಿಂದಲೇ ಎಣಿಕೆ ಶುರುಮಾಡಿ, ಕೊನೆಗೆ ಮುಚ್ಚಳ ತೆಗೆದಿಟ್ಟು ಚೆನ್ನಾಗಿ ಕುದಿಸಿ, ಆ ನೀರನ್ನೂ ಬಸಿದು ಚೆಲ್ಲಿ.