ಕ್ಯೂ ಟಿಪ್ ಎಷ್ಟು ಗಟ್ಟಿ ಇರಬೇಕು?

ಪೂಲ್ ಆಡುವ ಕೋಲೇ ಕ್ಯೂ, ಅದರ ತುದಿಗೆ ಅಂಟಿಸಿದ, ಚೆಂಡಿಗೆ ತಾಗುವ ಚರ್ಮದ ತುಂಡೇ ಟಿಪ್. ಟಿಪ್ ಬದಲಿಸಲು ನನ್ನ ಬಳಿ ಕ್ಯೂ ತರುವವರಲ್ಲಿ ಮುಕ್ಕಾಲು ಮಂದಿಯ ಬೇಡಿಕೆ ಒಂದೇ: "ಸ್ಪಿನ್ ಸಾಕಾಗ್ತಿಲ್ಲ ಸಾರ್, ಸಾಫ್ಟ್ ಟಿಪ್ ಹಾಕಿಬಿಡಿ." ಬೇಡ ಅನ್ನುವುದಿಲ್ಲ, ಹಾಕಿ ಕೊಡುತ್ತೇನೆ. ಅದಕ್ಕೂ ಮೊದಲು ಹಳೆಯ ಟಿಪ್ಪನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುತ್ತೇನೆ. ಬಹಳ ಸಲ ಅದು ಸವೆದು ಚಪ್ಪಟೆಯಾಗಿರುತ್ತದೆ, ಮೈ ಹೊಳಪು ಹಿಡಿದಿರುತ್ತದೆ. ಅಂಥ ಮೈಮೇಲೆ ಚಾಕ್, ಅಂದರೆ ಟಿಪ್ ಜಾರದಂತೆ ಹಚ್ಚುವ ಪುಡಿ, ನಿಲ್ಲುವುದಿಲ್ಲ. ಹೊಸ ಟಿಪ್ ಕೂರಿಸಿ, ದುಂಡಗೆ ಮಾಡಿ, ಮೈಯನ್ನು ಸ್ವಲ್ಪ ತರಿತರಿಯಾಗಿಸಿ ಕೊಟ್ಟರೆ ಮರುದಿನವೇ ಡ್ರಾ ಶಾಟ್ (ಬಿಳಿ ಚೆಂಡು ಇನ್ನೊಂದಕ್ಕೆ ತಾಗಿ ಹಿಂದಕ್ಕೆ ಬರುವ ಹೊಡೆತ) ಚೆನ್ನಾಗಿ ಬರತೊಡಗುತ್ತದೆ. ಆಟಗಾರರು ಅದರ ಶ್ರೇಯಸ್ಸನ್ನು ಟಿಪ್ಪಿನ ಮೆತ್ತಗಿನ ಗುಣಕ್ಕೆ ಕೊಡುತ್ತಾರೆ. ಗಟ್ಟಿ ಟಿಪ್ ಹಾಕಿ ಕೊಟ್ಟಿದ್ದರೂ ಹೆಚ್ಚುಕಡಿಮೆ ಅದೇ ಆಗುತ್ತಿತ್ತು.

ಸ್ಪಿನ್ ಬರುವುದು ಬಿಳಿ ಚೆಂಡಿನ ನಡುವಿನಿಂದ ಎಷ್ಟು ದೂರದಲ್ಲಿ ಹೊಡೆದಿರಿ, ಎಷ್ಟು ವೇಗದಲ್ಲಿ ಹೊಡೆದಿರಿ ಎಂಬುದರಿಂದ. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ನಡುವಿನಿಂದ ಸುಮಾರು 14 ಮಿ.ಮೀ., ಅಂದರೆ ತ್ರಿಜ್ಯದ ಅರ್ಧದಷ್ಟು ದೂರದವರೆಗೆ ಟಿಪ್ ಚೆಂಡನ್ನು ಹಿಡಿಯುತ್ತದೆ. ಅದನ್ನು ದಾಟಿದರೆ ಜಾರಿ ಮಿಸ್‌ಕ್ಯೂ ಆಗುತ್ತದೆ. ಈ ಮಿತಿಯೊಳಗೆ ಒಂದೇ ಜಾಗಕ್ಕೆ ಹೊಡೆದರೆ, ಟಿಪ್ ಮೆತ್ತಗಿರಲಿ ಗಟ್ಟಿಯಿರಲಿ, ಚೆಂಡಿನ ವೇಗಕ್ಕೆ ತಕ್ಕ ಸ್ಪಿನ್ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ಆದರೂ "ಸಾಫ್ಟ್ ಟಿಪ್ ಚೆಂಡನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತೆ, ಆಗ ತಿರುಗಿಸಬಹುದು" ಎಂಬ ನಂಬಿಕೆ ಸುಲಭಕ್ಕೆ ಹೋಗುವುದಿಲ್ಲ. ಚರ್ಮದ ಟಿಪ್ ಚೆಂಡಿಗೆ ತಾಗಿರುವುದು ಸೆಕೆಂಡಿನ ಸಾವಿರದ ಒಂದು ಭಾಗ, ಹೆಚ್ಚೆಂದರೆ ಎರಡು ಭಾಗ. ಅಷ್ಟರಲ್ಲಿ ಕ್ಯೂ ಮುಂದೆ ಸರಿಯುವುದು ಕೆಲವೇ ಮಿಲಿಮೀಟರ್. ತಾಗಿದ್ದು ಕೈಗೆ ಗೊತ್ತಾಗಿ ಕೈ ಪ್ರತಿಕ್ರಿಯಿಸಲು ಅದರ ನೂರು ಪಟ್ಟು ಸಮಯ ಬೇಕು. ಮೆತ್ತನೆ ಟಿಪ್ ತುಸು ಹೆಚ್ಚು ಹೊತ್ತು ತಾಗಿರುತ್ತದೆ ಎನ್ನುವುದು ನಿಜವೇ. ಆದರೆ ಆ ಹೊತ್ತಿನಲ್ಲಿ ನೀವು ಮಾಡಬಹುದಾದದ್ದು ಏನೂ ಇಲ್ಲ, ನಿಮಗೆ ಅದು ತಿಳಿಯುವಷ್ಟರಲ್ಲಿ ಚೆಂಡು ಹೊರಟಾಗಿರುತ್ತದೆ.

ಹತ್ತೊಂಬತ್ತನೇ ಶತಮಾನದ ಆರಂಭದವರೆಗೂ ಕ್ಯೂ ತುದಿ ಬರೀ ಮರ. ಅದಕ್ಕೆ ಚರ್ಮ ಅಂಟಿಸಿದ ಕೀರ್ತಿಯನ್ನು ಫ್ರಾನ್ಸಿನ ಸೇನಾಧಿಕಾರಿ ಫ್ರಾಂಸ್ವಾ ಮಾಂಗೋ ಅವರಿಗೆ ಕೊಡುತ್ತಾರೆ. ಚರ್ಮದಿಂದ ಆಟಕ್ಕೆ ಸಿಕ್ಕಿದ್ದು ಹಿಡಿತ, ಅಂದರೆ ನಡು ಬಿಟ್ಟು ಹೊಡೆದಾಗಲೂ ಜಾರದ ಗುಣ. ಆ ಹಿಡಿತದ ದೊಡ್ಡ ಪಾಲು ಚಾಕ್‌ನದು. ಮೆತ್ತನೆ ಚರ್ಮ ಚಾಕ್ ಅನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಗಟ್ಟಿ ಚರ್ಮಕ್ಕೆ ಪ್ರತಿ ಶಾಟ್‌ಗೂ ಹಚ್ಚಬೇಕು, ಆಗಾಗ ಮೈ ಕೆರೆಯಬೇಕು. ಚಾಕ್ ಹಚ್ಚಲು ಮರೆಯುವವರನ್ನು ಸಾಫ್ಟ್ ಟಿಪ್ ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ, ಅಷ್ಟೇ. ಇನ್ನು ಸೈಡ್ ಕೊಟ್ಟಾಗ (ನಡುವಿನಿಂದ ಎಡಕ್ಕೋ ಬಲಕ್ಕೋ ಹೊಡೆದಾಗ) ಚೆಂಡು ಪಕ್ಕಕ್ಕೆ ಸರಿಯುವ ದೂರು, ಅಂದರೆ ಡಿಫ್ಲೆಕ್ಷನ್, ಕ್ಯೂನ ಮುಂದಿನ ತೆಳು ಭಾಗವಾದ ಶಾಫ್ಟ್‌ನ ತುದಿಯ ತೂಕಕ್ಕೆ ಸಂಬಂಧಿಸಿದ್ದು. ಟಿಪ್ಪಿನ ಗಡಸುತನ ಬದಲಿಸಿ ಅದನ್ನು ಸರಿಪಡಿಸಲು ಹೋಗಬೇಡಿ.

ಹಾಗಾದರೆ ಗಡಸುತನದಿಂದ ಬದಲಾಗುವುದು ಏನು? ಮೊದಲನೆಯದು ಸದ್ದು, ಮತ್ತು ಕೈಗೆ ಸಿಗುವ ಅನುಭವ. ಗಟ್ಟಿ ಟಿಪ್ 'ಟಕ್' ಅನ್ನುತ್ತದೆ, ಮೆತ್ತನೆಯದು 'ಡಬ್' ಅನ್ನುತ್ತದೆ. ಇದನ್ನು ಬರೀ ಭಾವನೆ ಎಂದು ತಳ್ಳಿಹಾಕುವಂತಿಲ್ಲ. ಹೊಡೆತ ಎಷ್ಟು ಜೋರಾಯಿತು ಎಂದು ಆಟಗಾರ ಅಂದಾಜು ಮಾಡುವುದು ಬಹುಪಾಲು ಕಿವಿಯಿಂದ, ಬೆರಳಿಂದ. ಅದು ಹಿತವಾಗಿಲ್ಲದಿದ್ದರೆ ಚೆಂಡಿನ ವೇಗದ ಮೇಲಿನ ಹತೋಟಿ ಹೋಗುತ್ತದೆ, ಪೊಸಿಷನ್, ಅಂದರೆ ಮುಂದಿನ ಹೊಡೆತಕ್ಕೆ ಬಿಳಿ ಚೆಂಡು ನಿಲ್ಲಬೇಕಾದ ಜಾಗ, ತಪ್ಪುತ್ತದೆ. ಎರಡನೆಯದು, ಹೊಡೆತದ ಶಕ್ತಿಯಲ್ಲಿ ಎಷ್ಟು ಪಾಲು ಚೆಂಡಿಗೆ ದಾಟುತ್ತದೆ ಎಂಬುದು. ಮೆತ್ತನೆ ಟಿಪ್ ತಾನೇ ಒಂದಿಷ್ಟು ನುಂಗಿಕೊಳ್ಳುತ್ತದೆ. ಮೂರನೆಯದು ಬಾಳಿಕೆ, ಮತ್ತು ನನ್ನ ಪ್ರಕಾರ ಆಯ್ಕೆಯಲ್ಲಿ ಹೆಚ್ಚು ಲೆಕ್ಕಕ್ಕೆ ಬರಬೇಕಾದದ್ದು ಇದೇ. ಸಾಫ್ಟ್ ಟಿಪ್ ಜೋರು ಹೊಡೆತಕ್ಕೆ ಅಂಚಿನಲ್ಲಿ ಅಣಬೆಯ ತಲೆಯಂತೆ ಹರಡಿಕೊಳ್ಳುತ್ತದೆ, ಆ ಅಂಚನ್ನು ಕತ್ತರಿಸುತ್ತಿರಬೇಕು. ಜೊತೆಗೆ ಹೊಡೆತ ತಿಂದು ತಿಂದು ಅದುಮಿಕೊಂಡು ಗಟ್ಟಿಯಾಗುತ್ತದೆ. ಸಾಫ್ಟ್ ಎಂದು ಕೊಂಡದ್ದು ಕೆಲವು ತಿಂಗಳಲ್ಲಿ ಮೀಡಿಯಂ ಆಗಿರುತ್ತದೆ, ನಿಧಾನಕ್ಕೆ ಬದಲಾಗುವುದರಿಂದ ನಿಮಗೆ ಗೊತ್ತೂ ಆಗಿರುವುದಿಲ್ಲ.

ಚರ್ಮ ಅದುಮಿದಷ್ಟೂ ಗಟ್ಟಿ ಎಂಬುದನ್ನು ರಿಪೇರಿಯವರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಎಲ್ಕ್ ಮಾಸ್ಟರ್ ಎಂಬ ನೀಲಿ ಬಣ್ಣದ ಅಗ್ಗದ ಸಾಫ್ಟ್ ಟಿಪ್ಪನ್ನು ಹಾಲಿನಲ್ಲಿ ನೆನೆಸಿ, ಒಣಗಿಸಿ, ವೈಸ್‌ನಲ್ಲಿ ಅದುಮಿ ಗಟ್ಟಿ ಮಾಡಿ ಮಾರುವವರಿದ್ದಾರೆ, ಅದನ್ನೇ ಹುಡುಕಿಕೊಂಡು ಬರುವ ಅಭಿಮಾನಿಗಳೂ ಇದ್ದಾರೆ. ಎಲ್ಕ್ ಮಾಸ್ಟರ್, ಟ್ರಯಾಂಗಲ್, ಲೆ ಪ್ರೊ ಮುಂತಾದವು ಒಂದೇ ತುಂಡು ಚರ್ಮದವು. ಇವುಗಳಲ್ಲಿ ಒಂದೇ ಡಬ್ಬಿಯ ಎರಡು ಟಿಪ್ ಒಂದೇ ಥರ ಇರುತ್ತವೆ ಎಂಬ ಭರವಸೆ ಇಲ್ಲ. ಜಪಾನಿನ ಮೂರಿ, ಕಮೂಯಿ ಥರದವು ತೆಳು ಚರ್ಮದ ಪದರಗಳನ್ನು ಅಂಟಿಸಿ ಮಾಡಿದ ಲೇಯರ್ ಟಿಪ್‌ಗಳು. ಬೆಲೆ ಹೆಚ್ಚು, ಆದರೆ ಒಂದರಂತೆ ಇನ್ನೊಂದು ಇರುವ ಸಾಧ್ಯತೆಯೂ ಹೆಚ್ಚು, ಆಕಾರವೂ ಹೆಚ್ಚು ದಿನ ನಿಲ್ಲುತ್ತದೆ. ಡಬ್ಬಿಯ ಮೇಲಿನ 'ಎಸ್', 'ಎಂ', 'ಎಚ್' ಅಕ್ಷರಗಳನ್ನು ಮಾತ್ರ ಕುರುಡಾಗಿ ನಂಬಬೇಡಿ. ಗಡಸುತನ ಅಳೆಯಲು ಡ್ಯೂರೋಮೀಟರ್ ಇದೆ, ಆದರೆ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಒಂದೇ ಅಳತೆಪಟ್ಟಿ ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಹಾರ್ಡ್ ಆಗಿರಬಹುದು.

ನನ್ನನ್ನು ಕೇಳಿದರೆ, ಇನ್ನೂ ಗೊಂದಲದಲ್ಲಿರುವವರು ಮೀಡಿಯಂ ಲೇಯರ್ ಟಿಪ್ ಹಾಕಿಸಿ ಮೂರು ತಿಂಗಳು ಆಡಲಿ. ಆಮೇಲೆ ಮೆಲ್ಲಗೆ ಹೊಡೆಯುವ ಶಾಟ್‌ಗಳಲ್ಲಿ ಚೆಂಡು ಅಂದುಕೊಂಡದ್ದಕ್ಕಿಂತ ಮುಂದೆ ಓಡುತ್ತಿದೆ, ಸದ್ದು ಕಿವಿಗೆ ಚುಚ್ಚುತ್ತಿದೆ ಅನಿಸಿದರೆ ಒಂದು ಮೆಟ್ಟಿಲು ಮೆತ್ತಗಿನದಕ್ಕೆ ಇಳಿಯಬಹುದು. ಜೋರು ಸ್ಟ್ರೋಕ್ ಇರುವವರು, ದಿನವೂ ಗಂಟೆಗಟ್ಟಲೆ ಆಡುವವರು, ಅಂಚು ಕತ್ತರಿಸುವ ತಾಳ್ಮೆ ಇಲ್ಲದವರು ಒಂದು ಮೆಟ್ಟಿಲು ಗಟ್ಟಿಗೆ ಹೋಗಲಿ. ಒಂದೇ ಸಲಕ್ಕೆ ಶಾಫ್ಟ್, ಟಿಪ್, ಚಾಕ್ ಮೂರನ್ನೂ ಬದಲಿಸಿಕೊಂಡು ಬಂದು "ಯಾವುದರಿಂದ ಹೀಗಾಯ್ತು?" ಎಂದು ಕೇಳಿದರೆ ಯಾರೂ ಉತ್ತರ ಹೇಳಲಾರರು. ಮರದ ಶಾಫ್ಟ್‌ನಿಂದ ಕಾರ್ಬನ್ ಶಾಫ್ಟ್‌ಗೆ ಹೋದರಂತೂ ಅದೇ ಟಿಪ್ ಬೇರೆಯೇ ಸದ್ದು ಮಾಡುತ್ತದೆ.

ಆಕಾರದ ಮಾತೂ ಇಲ್ಲೇ ಮುಗಿಸುತ್ತೇನೆ. ಟಿಪ್ಪಿನ ದುಂಡನ್ನು ಅಮೆರಿಕದ ನಾಣ್ಯಗಳಿಗೆ ಹೋಲಿಸುವ ರೂಢಿ ಇದೆ. 21.21 ಮಿ.ಮೀ. ವ್ಯಾಸದ ನಿಕಲ್‌ನ ಬಾಗು, 17.91 ಮಿ.ಮೀ.ನ ಡೈಮ್‌ನ ಬಾಗು. ಪೂಲ್ ಶಾಫ್ಟ್‌ಗಳಲ್ಲಿ ಸಾಮಾನ್ಯವಾದ 12ರಿಂದ 13 ಮಿ.ಮೀ. ತುದಿಗೆ ಇವೆರಡರಲ್ಲಿ ಯಾವುದಾದರೂ ನಡೆಯುತ್ತದೆ. ಚಪ್ಪಟೆ ಮಾತ್ರ ಬೇಡ.

ಆಟದ ಶುರುವಿಗೆ ಚೆಂಡುಗಳ ಗುಂಪನ್ನು ಒಡೆಯಲು ಬಳಸುವ ಬ್ರೇಕ್ ಕ್ಯೂ ವಿಷಯಕ್ಕೆ ಬಂದರೆ ಲೆಕ್ಕ ಬೇರೆ. ಅಲ್ಲಿ ಬೇಕಾದದ್ದು ವೇಗ, ಸ್ಪಿನ್ ಬಹುತೇಕ ಬೇಡವೇ ಬೇಡ. ಫೀನಾಲಿಕ್ ಎಂಬ ಗಡುಸು ರಾಳದ ಟಿಪ್ ಚರ್ಮಕ್ಕಿಂತ ಕಡಿಮೆ ಶಕ್ತಿ ನುಂಗುವುದರಿಂದ, ಅದೇ ತೋಳಿನ ವೇಗಕ್ಕೆ ಚೆಂಡು ನೂರಕ್ಕೆ ಐದಾರರಷ್ಟು ಹೆಚ್ಚು ವೇಗದಲ್ಲಿ ಹೊರಡುತ್ತದೆ. ಆದರೆ ಪೆಟ್ಟು ನೇರ ಟಿಪ್ಪಿನ ಕೆಳಗಿರುವ ಫೆರುಲ್ ಎಂಬ ಬಳೆಗೆ ಇಳಿಯುತ್ತದೆ, ಬಿಳಿ ಚೆಂಡಿನ ಮೇಲೆ ಗುರುತೂ ಬೀಳಬಹುದು. ವಿಶ್ವ ಪೂಲ್ ಸಂಸ್ಥೆ ಡಬ್ಲ್ಯುಪಿಎಯ ಉಪಕರಣ ನಿಯಮದಲ್ಲಿ ಟಿಪ್ ಸಂಸ್ಕರಿಸಿದ ಚರ್ಮದ್ದೋ, ನಾರಿನ ಅಥವಾ ಬಗ್ಗುವ ವಸ್ತುವಿನದ್ದೋ ಆಗಿರಬೇಕು, ಚೆಂಡಿಗೆ ಗೀರು ಹಾಕಬಾರದು, ಅಗಲ 14 ಮಿ.ಮೀ. ಮೀರಬಾರದು ಎಂದಿದೆ. ಕೆಲವು ಟೂರ್ನಮೆಂಟ್‌ಗಳು ಫೀನಾಲಿಕ್‌ಗೆ ಅವಕಾಶವನ್ನೇ ಕೊಡುವುದಿಲ್ಲ. ಸ್ಪರ್ಧೆಗೆ ಹೋಗುವ ಅಂದಾಜಿದ್ದವರು ಬ್ರೇಕ್ ಕ್ಯೂಗೆ ಚೆನ್ನಾಗಿ ಅದುಮಿದ ಗಟ್ಟಿ ಚರ್ಮದ ಟಿಪ್ ಹಾಕಿಸಿಕೊಳ್ಳಿ. ವೇಗದಲ್ಲಿ ಕಳೆದುಕೊಳ್ಳುವುದು ಸ್ವಲ್ಪವೇ, ಆಟದ ದಿನ ರೆಫರಿ ಕ್ಯೂ ತಿರುಗಿಸಿ ನೋಡಿದರೂ ತೊಂದರೆ ಇಲ್ಲ.