ನೆನಪಿಗಿಂತ ಗಾಯಕ್ಕೆ ಒಂದೆಲಗ

ಮಳೆ ಹಿಡಿದರೆ ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ತೋಟಗಳಲ್ಲಿ ಬಸಿಗಾಲುವೆಯ ಅಂಚಿನುದ್ದಕ್ಕೂ ಒಂದೆಲಗ ಹಬ್ಬುತ್ತದೆ. ನೆಲಕ್ಕೆ ಅಂಟಿಕೊಂಡೇ ಸಾಗುವ ಬಳ್ಳಿ, ಗೆಣ್ಣು ಗೆಣ್ಣಿಗೂ ಬೇರು. ಎಲೆ ಎಲ್ಲರಿಗೂ ಗೊತ್ತು, ಹೂವು ನೋಡಿದವರು ಕಡಿಮೆ. ಎಲೆ ಸರಿಸಿ ಬುಡದಲ್ಲೇ ಹುಡುಕಬೇಕು. ಸಾಸಿವೆ ಕಾಳಿನಷ್ಟು ಚಿಕ್ಕ, ನಸುಗೆಂಪು ಹೂಗಳು. ಇದು ಕೊತ್ತಂಬರಿ, ಜೀರಿಗೆಯ ಕುಟುಂಬದ್ದೇ ಗಿಡ.

ಪರೀಕ್ಷೆ ಹತ್ತಿರ ಬಂದರೆ ಮಕ್ಕಳಿಗೆ ಇದರ ರಸ ಕುಡಿಸುವವರು ಜಾಸ್ತಿ. ಆದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಅನ್ನುವುದಕ್ಕೆ ಮನುಷ್ಯರ ಮೇಲೆ ನಡೆದ ಅಧ್ಯಯನಗಳಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ. ಜೊತೆಗೆ ಒಂದು ಗೊಂದಲವೂ ಇದೆ. ಒಂದೆಲಗವನ್ನೂ ಬ್ರಾಹ್ಮಿ ಅನ್ನುವುದುಂಟು. ನೀರು ಬ್ರಾಹ್ಮಿ ಬೇರೆಯೇ ಗಿಡ, ಅದರ ಮೇಲಿನ ಸಂಶೋಧನೆಯನ್ನೂ ಇದರ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ.

ಒಂದೆಲಗದ ನಿಜವಾದ ಬಲ ಇರುವುದು ಚರ್ಮದ ವಿಷಯದಲ್ಲಿ. 1940ರ ದಶಕದಲ್ಲಿ ಮಡಗಾಸ್ಕರ್‌ನ ಗಿಡಗಳಿಂದ ಏಷ್ಯಾಟಿಕೋಸೈಡ್ ಎಂಬ ಅಂಶವನ್ನು ಬೇರ್ಪಡಿಸಿದರು. ಕುಷ್ಠರೋಗದ ಹುಣ್ಣುಗಳಿಗೆ ಅದನ್ನು ಬಳಸಿ ನೋಡಿದರು. ಗಾಯವಾದ ಜಾಗದಲ್ಲಿ ಹೊಸ ಚರ್ಮಕ್ಕೆ ಆಧಾರವಾಗುವುದು ಕೊಲಾಜೆನ್ ಎಂಬ ಪ್ರೋಟೀನು. ಅದನ್ನು ತಯಾರಿಸುವ ಜೀವಕೋಶಗಳನ್ನು ಏಷ್ಯಾಟಿಕೋಸೈಡ್ ಚುರುಕುಗೊಳಿಸುತ್ತದೆ. ಇವತ್ತು ಗಾಯಕ್ಕೆ, ಕಲೆಗೆ ಹಚ್ಚುವ ಎಷ್ಟೋ ಕ್ರೀಮುಗಳಲ್ಲಿ ಇದರ ಸಾರ ಇರುತ್ತದೆ. ಹಾಗಂತ ತೋಟದ ಎಲೆಯನ್ನು ಸುಮ್ನೆ ಜಜ್ಜಿ ತೆರೆದ ಗಾಯಕ್ಕೆ ಮೆತ್ತಬೇಡಿ. ಎಲೆಯ ಜೊತೆ ಮಣ್ಣಿನ ಸೂಕ್ಷ್ಮಾಣುಗಳೂ ಒಳಗೆ ಹೋಗುತ್ತವೆ.

ಊಟಕ್ಕಂತೂ ಇದು ಬಹಳ ಒಳ್ಳೆಯದು. ಒಂದು ಹಿಡಿ ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ, ಒಗ್ಗರಣೆ ಕೊಟ್ಟರೆ ತಂಬುಳಿ. ಕುದಿಸುವ ಹಾಗಿಲ್ಲ, ಮಜ್ಜಿಗೆ ಒಡೆಯುತ್ತದೆ. ಎಲೆಯ ಸಣ್ಣ ಕಹಿಯನ್ನು ಕಾಯಿ ಮತ್ತು ಮಜ್ಜಿಗೆ ಸರಿದೂಗಿಸುತ್ತವೆ. ಬಿಸಿ ಅನ್ನಕ್ಕೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? ಶ್ರೀಲಂಕಾದಲ್ಲಿ ಇದೇ ಸೊಪ್ಪನ್ನು ಹಸಿಯಾಗಿ ಹೆಚ್ಚಿ, ಕಾಯಿತುರಿ, ಈರುಳ್ಳಿ, ನಿಂಬೆರಸ ಸೇರಿಸಿ ತಿನ್ನುತ್ತಾರೆ.

ಮಾತ್ರೆ, ಸಾರದ ವಿಷಯ ಬೇರೆ. ವಾರಗಟ್ಟಲೆ ಅವನ್ನು ತೆಗೆದುಕೊಂಡ ಕೆಲವರಿಗೆ ಲಿವರ್ ಊತ ಬಂದ ವರದಿಗಳಿವೆ. ಲಿವರ್ ತೊಂದರೆ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಸೊಪ್ಪು ಕೊಯ್ಯುವ ಜಾಗವೂ ಮುಖ್ಯ. ಮಣ್ಣಿನಲ್ಲಿರುವ ಸೀಸದಂಥ ಲೋಹಗಳನ್ನು ಈ ಗಿಡ ಹೀರಿಕೊಳ್ಳುತ್ತದೆ. ಚರಂಡಿ ಪಕ್ಕದ್ದು, ರಸ್ತೆ ಬದಿಯದ್ದು ಬೇಡ. ಕಳೆನಾಶಕ ಹೊಡೆದ ತೋಟದ್ದಂತೂ ಬೇಡವೇ ಬೇಡ. ಬೇರಿರುವ ಒಂದು ತುಂಡು ಬಳ್ಳಿಯನ್ನು ಅಗಲದ ಕುಂಡದಲ್ಲಿ ಊರಿ, ಅರೆನೆರಳಲ್ಲಿಟ್ಟು, ಮಣ್ಣು ಒಣಗದ ಹಾಗೆ ನೋಡಿಕೊಂಡರೆ ಮನೆಯಲ್ಲೇ ಹಬ್ಬುತ್ತದೆ.