ಒಂದು ಬಿಟ್‌ಗೆ ಎಂಟೇ ಸೈಕಲ್

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಎವಿಆರ್ ಪ್ರೋಗ್ರಾಮರ್ (ಎವಿಆರ್ ಅನ್ನೋ ಪುಟ್ಟ ಕಂಪ್ಯೂಟರ್ ಚಿಪ್‌ಗಳಿಗೆ ಕೋಡ್ ತುಂಬುವ ಸಾಧನ) ಬೇಕು ಅಂದರೆ ಸಾಮಾನ್ಯವಾಗಿ ಯುಎಸ್‌ಬಿಎಎಸ್‌ಪಿ ಅನ್ನೋ ಪುಟ್ಟ ಬೋರ್ಡ್ ಕೈಗಿಡುತ್ತಾರೆ. ಥಾಮಸ್ ಫಿಶ್ಲ್ ಮಾಡಿದ ಮೂಲ ವಿನ್ಯಾಸದಲ್ಲಿ ಇರುವುದಿಷ್ಟೇ: ಒಂದು ಎಟಿಮೆಗಾ8 ಎವಿಆರ್ ಚಿಪ್, ಅದಕ್ಕೆ ಸೆಕೆಂಡಿಗೆ 1.2 ಕೋಟಿ ಬಡಿತದ (ಸೈಕಲ್) ತಾಳ ಹಾಕುವ 12 ಮೆಗಾಹರ್ಟ್ಜ್ ಕ್ರಿಸ್ಟಲ್, ಒಂದಿಷ್ಟು ಸಣ್ಣಪುಟ್ಟ ಬಿಡಿಭಾಗ. ಆ ಚಿಪ್‌ನಲ್ಲಿ ಯುಎಸ್‌ಬಿ ಸರ್ಕ್ಯೂಟೇ ಇಲ್ಲ. ಆದರೂ ಕಂಪ್ಯೂಟರ್ ಅದನ್ನು ಯುಎಸ್‌ಬಿ ಸಾಧನ ಅಂತಲೇ ಗುರುತಿಸುತ್ತದೆ.

ಆ ಕೆಲಸವನ್ನು ಪ್ರೋಗ್ರಾಮೇ ಮಾಡುತ್ತಿದೆ. ಚಿಪ್‌ನ ಪಿನ್ನಿನ ವೋಲ್ಟೇಜನ್ನು ಸರಿಯಾದ ಹೊತ್ತಿಗೆ ಏರಿಸುವುದು, ಇಳಿಸುವುದು, ಓದುವುದು, ಎಲ್ಲಾ ಅದರದ್ದೇ. ಇದಕ್ಕೆ ಬಿಟ್ ಬ್ಯಾಂಗಿಂಗ್ ಅಂತಾರೆ.

ಅಭ್ಯಾಸ ಹಳೆಯದು. 1978ರಲ್ಲಿ ಬಂದ ಆ್ಯಪಲ್‌ನ ಡಿಸ್ಕ್ 2 ಫ್ಲಾಪಿ ಡ್ರೈವ್‌ಗೆ ಕಂಪನಿಯ ಸಹಸ್ಥಾಪಕ ಸ್ಟೀವ್ ವೋಜ್ನಿಯಾಕ್ ಬಹಳ ಕಡಿಮೆ ಚಿಪ್‌ಗಳ ಕಂಟ್ರೋಲರ್ ಮಾಡಿದರು. ಉಳಿದ ಭಾರವನ್ನು ಕಂಪ್ಯೂಟರಿನ 6502 ಪ್ರೊಸೆಸರ್ ಹೊತ್ತಿತು. ಡಿಸ್ಕ್‌ನಿಂದ ಸುಮಾರು 32 ಸೈಕಲ್‌ಗೆ ಒಂದು ಬೈಟ್ ಬರುತ್ತಿತ್ತು. ತಡ ಮಾಡಿದರೆ ಅದು ಹೋಯಿತು ಅಂತಲೇ ಲೆಕ್ಕ. ಮುಂದೆ ಪಿಐಸಿ16ಎಫ್84 ಚಿಪ್ ಹಿಡಿದು ಕಲಿತವರಿಗೂ ಇದೇ ದಾರಿ. ಅದರಲ್ಲಿ ಸೀರಿಯಲ್ ಪೋರ್ಟ್ (ಬಿಟ್‌ಗಳನ್ನು ಒಂದರ ಹಿಂದೆ ಒಂದು ಕಳಿಸುವ ಸರ್ಕ್ಯೂಟ್) ಇರಲಿಲ್ಲ, ಕೋಡ್‌ನಲ್ಲೇ ಬರೆದುಕೊಳ್ಳಬೇಕಿತ್ತು.

ಎಲ್ಲಾ ಪ್ರೋಟೋಕಾಲ್ (ಚಿಪ್‌ಗಳು ಮಾತಾಡಿಕೊಳ್ಳುವ ನಿಯಮ) ಒಂದೇ ಥರ ಕಷ್ಟವಲ್ಲ. ಚಿಪ್‌ಗಳನ್ನು ಜೋಡಿಸುವ ಎಸ್‌ಪಿಐನಲ್ಲಿ ಕ್ಲಾಕ್‌ಗೆ, ಅಂದರೆ ತಾಳಕ್ಕೆ, ಬೇರೆ ತಂತಿ ಇದೆ. ನಮ್ಮ ಚಿಪ್ಪೇ ಮಾಸ್ಟರ್ ಆಗಿ ಆ ತಾಳ ಹಾಕುತ್ತಿದ್ದರೆ ಸ್ವಲ್ಪ ನಿಧಾನವಾದರೂ ಎದುರಿನ ಚಿಪ್ ಕಾಯುತ್ತದೆ. ಸೀರಿಯಲ್ ಕಾಯುವುದಿಲ್ಲ. 9600 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಒಂದು ಬಿಟ್‌ಗೆ ಸುಮಾರು 104 ಮೈಕ್ರೋಸೆಕೆಂಡ್. ಎರಡು ಕಡೆಯ ಗಡಿಯಾರಗಳ ನಡುವೆ ಶೇ 5ರಷ್ಟು ವ್ಯತ್ಯಾಸವಿದ್ದರೆ ಹತ್ತನೇ ಬಿಟ್ ಹೊತ್ತಿಗೆ ಅರ್ಧ ಬಿಟ್‌ನಷ್ಟು ಜಾರಿರುತ್ತದೆ. ಕ್ರಿಸ್ಟಲ್ ಇಲ್ಲದ ಚಿಪ್‌ನಲ್ಲಿ ಇದನ್ನು ಮಾಡಲು ಹೋಗಿ, ಪರದೆ ತುಂಬ ಅರ್ಥವಿಲ್ಲದ ಅಕ್ಷರ ನೋಡುತ್ತಾ ನಾನು ಒಂದು ರಾತ್ರಿ ಕಳೆದಿದ್ದೇನೆ. ಕೋಡ್ ಸರಿಯಾಗಿಯೇ ಇತ್ತು, ತಾಳ ತಪ್ಪಿತ್ತು.

ಯುಎಸ್‌ಬಿ ಇದಕ್ಕಿಂತ ಕಠಿಣ. ಅದರ ನಿಧಾನದ ವೇಗವೇ ಸೆಕೆಂಡಿಗೆ 15 ಲಕ್ಷ ಬಿಟ್. 12 ಮೆಗಾಹರ್ಟ್ಜ್ ಚಿಪ್‌ಗೆ ಒಂದು ಬಿಟ್‌ಗೆ ಸಿಗುವುದು ಸರಿಯಾಗಿ ಎಂಟು ಸೈಕಲ್, ಆದಿತಾಳದ ಒಂದು ಆವರ್ತದ ಹಾಗೆ. ಅಷ್ಟರಲ್ಲಿ ಪಿನ್ ಓದಬೇಕು. ಹಿಂದಿನ ಸ್ಥಿತಿಗೆ ಹೋಲಿಸಬೇಕು: ಬದಲಾಗಿದ್ದರೆ 0, ಇಲ್ಲದಿದ್ದರೆ 1. ಸತತ ಆರು 1 ಬಂದರೆ ಅದರ ನಂತರದ 0 ಸುಮ್ನೆ ತುರುಕಿದ್ದು, ಅದನ್ನು ಬಿಸಾಡಬೇಕು. ಎಂಟು ಬಿಟ್ ಆದ ಕೂಡಲೇ ಬೈಟನ್ನು ಮೆಮೊರಿಗೆ ಸೇರಿಸಬೇಕು.

ಎವಿಆರ್ ಚಿಪ್‌ನಲ್ಲಿ ಇದು ಸಾಧ್ಯ ಅಂತ ಮೊದಲು ತೋರಿಸಿದವರಲ್ಲಿ ಇಗೊರ್ ಚೆಷ್ಕೊ ಒಬ್ಬರು. ಆಮೇಲೆ ವಿಯೆನ್ನಾದ ಆಬ್ಜೆಕ್ಟಿವ್ ಡೆವಲಪ್‌ಮೆಂಟ್ ಕಂಪನಿ ವಿ-ಯುಎಸ್‌ಬಿ ಅನ್ನೋ ಸಿದ್ಧ ಕೋಡ್ ಕೊಟ್ಟಿತು. ಯುಎಸ್‌ಬಿಎಎಸ್‌ಪಿ ಒಳಗಿರುವುದು ಅದೇ. ಕೋಡ್ ಇಡಲು 2 ಕಿಲೋಬೈಟ್ ಫ್ಲ್ಯಾಶ್ ಮೆಮೊರಿ ಇದ್ದರೆ ಸಾಕು. ಬಂದ ಡೇಟಾದಲ್ಲಿ ತಪ್ಪಿದೆಯಾ ಅಂತ ಪರೀಕ್ಷಿಸಲು ಎಂಟು ಸೈಕಲ್‌ನಲ್ಲಿ ಜಾಗವಿಲ್ಲ, ಹಾಗಾಗಿ ಅದನ್ನು ಬಿಟ್ಟರು. ಆ ಪರೀಕ್ಷೆ ಬೇಕು ಅನ್ನುವವರಿಗೆ 18 ಮೆಗಾಹರ್ಟ್ಜ್‌ನ ಬೇರೆ ಕೋಡ್ ಇದೆ. ಅಲ್ಲಿ ಒಂದು ಬಿಟ್‌ಗೆ ಹನ್ನೆರಡು ಸೈಕಲ್ ಸಿಗುತ್ತದೆ.

ನನಗೆ ಜಾಸ್ತಿ ಇಷ್ಟ ಡಿಜಿಸ್ಪಾರ್ಕ್. 2012ರ ಈ ಬೋರ್ಡ್‌ನ ಎಟಿಟೈನಿ85 ಚಿಪ್‌ಗೆ ಕ್ರಿಸ್ಟಲ್ಲೂ ಇಲ್ಲ. ಕಂಪ್ಯೂಟರ್ ಪ್ರತಿ ಮಿಲಿಸೆಕೆಂಡಿಗೆ ಕಳಿಸುವ ಸಂಕೇತದ ಅಂತರ ಅಳೆದು, ತನ್ನ ಗಡಿಯಾರವನ್ನು ತಾನೇ 16.5 ಮೆಗಾಹರ್ಟ್ಜ್‌ಗೆ ತಿದ್ದಿಕೊಳ್ಳುತ್ತದೆ.

ಇದೆಲ್ಲಾ ಬಡವರ ಉಪಾಯ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 2021ರ ಜನವರಿಯಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡ್‌ನ ಆರ್‌ಪಿ2040 ಚಿಪ್ ನೋಡಿ. ಪಿನ್ ಆಡಿಸಲೆಂದೇ ಎಂಟು ಪುಟ್ಟ ಸ್ಟೇಟ್ ಮಷೀನ್‌ಗಳನ್ನು (ಕೆಲವೇ ಆದೇಶ ಪಾಲಿಸುವ ಸರ್ಕ್ಯೂಟ್) ಅದರೊಳಗೆ ಇಟ್ಟಿದ್ದಾರೆ. ಬಿಟ್ ಬ್ಯಾಂಗಿಂಗನ್ನೇ ಹಾರ್ಡ್‌ವೇರ್‌ಗೆ ತಂದರು ಅಲ್ವಾ?

ಹಳೆಯ ದಾರಿಯೂ ಮುಚ್ಚಿಲ್ಲ. ಸಿಎಚ್32ವಿ003 ಅನ್ನೋ ಅಗ್ಗದ ಚಿಪ್‌ನಲ್ಲೂ ಯುಎಸ್‌ಬಿ ಇಲ್ಲ. ಅಮೆರಿಕದ ಚಾರ್ಲ್ಸ್ ಲೋರ್ ಅದಕ್ಕೂ ಕೋಡ್ ಬರೆದಿದ್ದಾರೆ. ಅದರ ವೇಗ 48 ಮೆಗಾಹರ್ಟ್ಜ್, ಅಂದರೆ ಒಂದು ಬಿಟ್‌ಗೆ 32 ಸೈಕಲ್. ವೋಜ್ನಿಯಾಕ್‌ಗೆ ಒಂದು ಇಡೀ ಬೈಟ್‌ಗೆ ಸಿಕ್ಕಿದ್ದು ಅಷ್ಟೇ.